ಎಡೆಗೆ ಇಟ್ಟ ಲಸಾನಿಯಾ

ನನಗೆ ಅಡುಗೆ ಬರುವುದಿಲ್ಲ. ಬರುತ್ತದೆ ಎಂದು ಯಾರ ಹತ್ತಿರವೂ ಹೇಳಿಕೊಂಡವನೂ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಖಾಸಗಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಅರ್ಧ ಆಯಸ್ಸು ಕಳೆದ ಕಂಡಕ್ಟರ್ ನಾನು. ನನಗೆ ಬರುವುದು ಕೂಗುವುದು, ಬಾಗಿಲಲ್ಲಿ ನಿಂತವರನ್ನು ಒಳಗೆ ತಳ್ಳುವುದು, ಇಳಿಯಲು ತಡ ಮಾಡಿದವರನ್ನು ಬೈಯುವುದು. ಮನೆಯಲ್ಲೂ ಅದೇ ಬಾಯಿ. ಅಂಥವನು ಕಳೆದ ವರ್ಷ ಹಿರಿಯರ ಹಬ್ಬದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತು ಲಸಾನಿಯಾ ಮಾಡಿದೆ. ಅದನ್ನು ತಿನ್ನಬೇಕಾದವಳು ನನ್ನ ಮಗಳು. ಅವಳು ಸತ್ತು ಆಗಲೇ ಏಳು ತಿಂಗಳಾಗಿತ್ತು.

ನಮ್ಮಲ್ಲಿ ಹಿರಿಯರ ಹಬ್ಬವೆಂದರೆ ಸತ್ತವರಿಗೆ ಊಟ ಹಾಕುವ ದಿನ. ಬಾಳೆ ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಬಂದು ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆಯಬೇಕು. ಇದಕ್ಕೆ ಎಡೆ ಇಡುವುದು ಎನ್ನುತ್ತೇವೆ. ನನ್ನಪ್ಪನಿಗೆ ನಾಟಿ ಕೋಳಿ ಸಾರು, ಕಡುಬು, ಒಂದು ಕಟ್ಟು ಬೀಡಿ, ಲೋಟದಲ್ಲಿ ಒಂದಿಷ್ಟು ಸಾರಾಯಿ ಇಡುತ್ತಿದ್ದೆವು. ಗೇಣಿಗೆ ಮಾಡುತ್ತಿದ್ದ ಗದ್ದೆ ತನ್ನದೇ ಆದದ್ದನ್ನು ಕಣ್ಣಾರೆ ಕಂಡು, ಮುದುಕನಾಗಿ, ಹೊಟ್ಟೆ ತುಂಬ ಉಂಡು ಸತ್ತವನು ಅವನು. ಅವನಿಗೆ ನಗುನಗುತ್ತಲೇ ಎಡೆ ಇಟ್ಟಿದ್ದೇವೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಎಡೆ ಇಡುವುದು ಹೇಗೆಂದು ನಮಗೆ ಯಾರು ಹೇಳಿಕೊಟ್ಟಿದ್ದರು?

ಮಗಳು ತೀರ್ಥಹಳ್ಳಿಯ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದಳು. ಹಿಂದಿನ ಬಾಗಿಲ ಪಕ್ಕದ ಸೀಟು ಅವಳದು. ಮೊದಲು ಜ್ವರ ಅಂದೆವು, ಆಮೇಲೆ ರಕ್ತ ಕಡಿಮೆ ಅಂದೆವು, ಆಮೇಲೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ರಕ್ತದ ಕ್ಯಾನ್ಸರ್ ಎಂಬ ಹೆಸರು ಬಂತು. ಹದಿನಾಲ್ಕು ತಿಂಗಳು ಆ ಘಟ್ಟ ಹತ್ತಿ ಇಳಿದೆವು. ಔಷಧಿ ಏರಿಸಿದ ದಿನ ನೀರು ಕುಡಿದರೂ ವಾಂತಿ. ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ದಿಂಬಿಗೆ ಒರಗಿ, ಮೊಬೈಲ್ ತೆಗೆದು ಅಡುಗೆಯ ವಿಡಿಯೋ ನೋಡುವಳು. ಏನೆಲ್ಲ ಅಡುಗೆ ಇದ್ದರೂ ಅವಳಿಗೆ ಕೊನೆಗೆ ಈ ಲಸಾನಿಯಾ ಒಂದೇ ಬೇಕು. ನಾವ್ಯಾರೂ ಅದನ್ನು ಜನ್ಮದಲ್ಲಿ ತಿಂದವರಲ್ಲ. ಅವಳೂ ತಿಂದಿರಲಿಲ್ಲ. ಎಲ್ಲಿಂದ ಹಿಡಿಯಿತೋ ಆ ಹುಚ್ಚು!

“ಅಪ್ಪ, ಹೇಳು ನೋಡಣ. ತಳಕ್ಕೆ ಮೊದ್ಲು ಎಂತ?”

“ಹಾಳೆ.”

“ತಪ್ಪು! ಕೆಂಪು ಸಾಸು. ಹಾಳೆ ಮೊದ್ಲು ಹಾಕಿದ್ರೆ ತಳ ಹಿಡೀತದೆ ಅಂತ ಎಷ್ಟ್ ಸಲ ಹೇಳೋದು ನಿಂಗೆ?”

ಹಾಳೆ ಎಂದರೆ ಮೈದಾ ಹಿಟ್ಟಿನ ಒಣ ಹಾಳೆ. ಅದನ್ನು ಬೇಯಿಸಿ, ಒಂದರ ಮೇಲೊಂದು ಹಾಸಿ, ನಡುನಡುವೆ ಟೊಮೆಟೊ ಹಾಕಿದ ಕೋಳಿ ಕೈಮಾ, ಹಾಲು ಮೈದಾದ ಬಿಳಿ ಸಾಸು, ಚೀಸು. ಅವಳು ಸಣ್ಣವಳಿದ್ದಾಗ ನಾನು ಮಗ್ಗಿ ಕೇಳುತ್ತಿದ್ದ ಹಾಗೆಯೇ ಅವಳು ಇದನ್ನು ಕೇಳುತ್ತಿದ್ದಳು. ತಪ್ಪಿದರೆ ನಾನು ತಲೆಗೆ ಮೊಟಕುತ್ತಿದ್ದೆ; ಈಗ ಅವಳು ನನಗೆ ಮೊಟಕುವಳು, ಸೂಜಿ ಚುಚ್ಚಿಸಿಕೊಂಡ ಕೈಯಲ್ಲೇ.

“ಈ ವಯಸ್ಸಲ್ಲಿ ನಂಗೆ ಪರೀಕ್ಷೆಯಾ ಮಾರಾಯ್ತಿ? ಅದೂ ಅಲ್ದೆ ಮನೇಲಿ ಓವನ್ ಎಲ್ಲಿದೆ?”

“ಕುಕ್ಕರ್ ಸಾಕು. ರಬ್ಬರ್ ತೆಗಿ, ವಿಸಲ್ ತೆಗಿ, ತಳಕ್ಕೆ ಒಂದ್ ಕೆಜಿ ಉಪ್ಪು ಸುರಿದು ಕಾಸು. ಉಪ್ಪೇ ಓವನ್.”

ಹೀಗೆ ಒಲೆ ಹಚ್ಚದೆ, ಪಾತ್ರೆ ಮುಟ್ಟದೆ, ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಲಸಾನಿಯಾ ಕಲಿತೆ. ಬಾಯಿಪಾಠ ಬಂತು. ಹುಷಾರಾದ ಮೇಲೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಆಗಲೂ ಅದನ್ನು ಮಾತಿಗೆ ಹೇಳಿದ್ದಲ್ಲ, ನಂಬಿಯೇ ಹೇಳಿದ್ದು.

ಹದಿನಾಲ್ಕನೇ ತಿಂಗಳಲ್ಲಿ ಡಾಕ್ಟರು ನನ್ನನ್ನೂ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡರು. “ಮನೆಗೆ ಕರ್ಕೊಂಡು ಹೋಗಿ. ಇನ್ನು ಪಥ್ಯ ಅಂತ ಏನೂ ಬೇಡ. ಏನು ಕೇಳ್ತಾಳೋ ಅದನ್ನ ಕೊಡಿ,” ಅಂದರು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಆದರೆ ಅರ್ಥವಾದದ್ದನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ ನಾನು. ಮೆಟ್ಟಿಲಿಳಿಯುವಾಗಲೇ ಬಾಯಿ ಶುರುವಾಯಿತು. “ಇವ್ರು ಕೈ ಚೆಲ್ಲಿದ್ರೆ ಮುಗೀತಾ? ನಾನು ಚೆಲ್ಲಲ್ಲ,” ಎಂದು ಕೂಗಿದೆ. 

ಬಸ್ಸಿನಲ್ಲಿ ಕೆಲಸ ಮಾಡುವವನಿಗೆ ಸುದ್ದಿಗೇನು ಬರ. ನಿಟ್ಟೂರಿನಿಂದ ಕಾಡಿನ ಕಡೆ ಒಳಗೆ ಹೋದರೆ ಬೇರಿನ ಔಷಧಿ ಕೊಡುವ ಮುದುಕರೊಬ್ಬರಿದ್ದಾರೆ, ಎಂಥೆಂಥವರು ಎದ್ದು ಕೂತಿದ್ದಾರೆ ಎಂದು ಯಾರೋ ಹೇಳಿದರು. ಮರುದಿನವೇ ಹೋದೆ. ಅವರನ್ನು ನಾನು ಬೈಯುವುದಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. “ಗುಣ ಆಗ್ತದೆ ಅಂತ ನಾನು ಹೇಳಲ್ಲ,” ಅಂತಲೇ ಹೇಳಿದರು. ಆಮೇಲೆ, “ಆದ್ರೆ ಪಥ್ಯ ತಪ್ಪಿದ್ರೆ ಮಾತ್ರ ಔಷಧಿ ತಿರುಗಿ ಹೊಡೀತದೆ, ನೋಡ್ಕೊಳಿ,” ಅಂದರು. ಇಪ್ಪತ್ತೊಂದು ದಿನ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಹಾಲಿನದಿಲ್ಲ, ಎಣ್ಣೆಯಿಲ್ಲ. ಬರೀ ಸಪ್ಪೆ ಗಂಜಿ.

ನಮ್ಮ ಕಡೆ ನಾಟಿ ಔಷಧಿಯ ಪಥ್ಯವೆಂದರೆ ಹುಡುಗಾಟವಲ್ಲ. ಪಥ್ಯ ಮುರಿದು ಸತ್ತವರ ಕತೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ನಾನು ರಜೆ ಹಾಕಿ ಅಡುಗೆಮನೆ ಹಿಡಿದೆ. “ನಿನ್ ಕೈ ಮೆತ್ತಗೆ. ಅವ್ಳು ಅತ್ರೆ ಹಾಕಿಬಿಡ್ತಿ,” ಎಂದು ಹೆಂಡತಿಯನ್ನು ಹೊರಗೆ ಕಳಿಸಿದೆ. ಉಪ್ಪಿನ ಭರಣಿಯನ್ನು ಎತ್ತಿ ಅಟ್ಟದ ಮೇಲಿಟ್ಟೆ. ಮಗಳೊಬ್ಬಳೇ ಸಪ್ಪೆ ಉಣ್ಣುವುದು ಬೇಡವೆಂದು ನಾನೂ ಸಪ್ಪೆಯನ್ನೇ ಉಂಡೆ. ಗಂಜಿ ಕಾಯಿಸುವುದು, ಆರಿಸುವುದು, ಚಮಚದಲ್ಲಿ ಬಾಯಿಗಿಡುವುದು, ಎಲ್ಲ ನಾನೇ. ಮೊದಲ ವಾರ ಅವಳ ಮುಖದಲ್ಲಿ ಕಳೆ ಬಂದ ಹಾಗೆ ಕಂಡಿತು. ಹಾಗೆ ಕಾಣಬೇಕೆಂದು ನೋಡಿದವನಿಗೆ ಕಾಣದೇ ಇರುತ್ತದೆಯೇ?

ನಮ್ಮ ಬಸ್ಸಿನ ಡ್ರೈವರಿಗೆ ಹೇಳಿ ಶಿವಮೊಗ್ಗದಿಂದ ಆ ಹಾಳೆಯ ಪ್ಯಾಕೆಟ್ ಒಂದನ್ನು ತರಿಸಿದೆ. “ಇಪ್ಪತ್ತೆರಡನೇ ದಿನ ಬೆಳಿಗ್ಗೆ ಮಾಡ್ತೀನಿ, ನೋಡ್ತಿರು,” ಎಂದು ಅವಳ ಮಂಚಕ್ಕೆ ಕಾಣುವ ಹಾಗೆ ಗೋಡೆಯ ಗೂಡಿನಲ್ಲಿಟ್ಟೆ. ಆಸೆ ಇದ್ದರೆ ಮನುಷ್ಯ ಎದ್ದು ಕೂರುತ್ತಾನೆ ಎಂಬುದು ನನ್ನ ಬುದ್ಧಿ. ಅವಳು ಅದನ್ನು ಕೇಳಿ ತೆಗೆಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ವಾಪಸ್ ಕೊಡುವಳು. ಹಸಿದವಳ ಕಣ್ಣ ಮುಂದೆ ಊಟ ತೂಗುಹಾಕಿದ ಹಾಗಾಯಿತು ಎಂದು ಆಗ ಹೊಳೆಯಲಿಲ್ಲ. ಛೆ, ಎಂಥ ಕಟುಕ ನಾನು!

ಹನ್ನೆರಡನೇ ದಿನ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಅವಳು ಬಾಯಿ ತೆರೆಯಲಿಲ್ಲ.

“ಅಪ್ಪ, ಲಸಾನಿಯಾ ಬೇಡ ಬಿಡು. ಇದಕ್ಕೆ ಒಂದ್ ಹರಳು ಉಪ್ಪು ಹಾಕು. ಒಂದೇ ಹರಳು.”

“ಒಂಬತ್ ದಿನ ತಡ್ಕೋ ಪುಟ್ಟಿ.”

“ಒಂದ್ ಹರಳಿಗೆ ಎಂತ ಆಗ್ತದೆ? ಡಾಕ್ಟ್ರು ಕೊಡಿ ಅಂದಿದಾರಲ್ಲ. ನಂಗೆ ಗೊತ್ತು.”

ತನಗೆ ಗೊತ್ತು ಎಂದು ಅವಳು ಅಂದ ಕೂಡಲೇ ನನ್ನ ತಲೆ ಕೆಟ್ಟಿತು. “ಸಾಯ್ಬೇಕಾ ನಿಂಗೆ? ಸಾಯ್ಬೇಕು ಅಂತ ಇದ್ರೆ ಹೇಳು, ಹಾಕ್ತೀನಿ!” ಎಂದು ಕೂಗಿದೆ. ಬಸ್ ಸ್ಟ್ಯಾಂಡಿನ ಆ ಕೊನೆಯಿಂದ ಈ ಕೊನೆಗೆ ಕೇಳುವ ನನ್ನ ಗಂಟಲು. ಅವಳು ಬೆಚ್ಚಿದಳು. ಆಮೇಲೆ ಬಾಯಿ ತೆರೆದಳು. ನಾನು ಕೊಟ್ಟಷ್ಟನ್ನೂ ಉಂಡಳು. ಹೆಂಡತಿ ಬಾಗಿಲ ಪಡಿ ಹಿಡಿದು ನಿಂತಿದ್ದಳು, ಅವಳೂ ಮಾತಾಡಲಿಲ್ಲ. ಆವತ್ತಿನ ನಂತರ ಮಗಳು ಉಪ್ಪು ಕೇಳಲಿಲ್ಲ. ಲಸಾನಿಯಾದ ತಳಕ್ಕೆ ಮೊದಲು ಎಂತ ಎಂದೂ ಕೇಳಲಿಲ್ಲ. ಗೂಡಿನ ಕಡೆ ನೋಡುವುದನ್ನೂ ಬಿಟ್ಟಳು.

ಹದಿನೇಳನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೋದಳು. ಬಟ್ಟಲಲ್ಲಿ ಅರ್ಧ ಗಂಜಿ ಹಾಗೇ ಇತ್ತು.

ಆಮೇಲಿನದನ್ನು ಬರೆಯಲು ನನಗೆ ಬರುವುದಿಲ್ಲ. ಜನ ಬಂದರು, ಹೋದರು, “ನಿನ್ ಕೈಲಾದದ್ದೆಲ್ಲ ಮಾಡ್ದಿ ಮಾರಾಯ,” ಅಂದರು. ಮಾಡಿದ್ದೇ ತಪ್ಪಾಯಿತಲ್ಲ, ಅದನ್ನು ಯಾರಿಗೆ ಹೇಳಲಿ? ಔಷಧಿಯಿಂದ ಅವಳು ಬದುಕುತ್ತಿರಲಿಲ್ಲ, ಉಪ್ಪಿನಿಂದ ಸಾಯುತ್ತಲೂ ಇರಲಿಲ್ಲ. ಉಳಿದಿದ್ದ ಹದಿನೇಳು ದಿನವನ್ನು ಸಪ್ಪೆ ಮಾಡಿ ಉಣ್ಣಿಸಿದವನು ನಾನು. ಬಸ್ಸಿಗೆ ವಾಪಸ್ ಹೋದೆ. ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಯಾರು ಕೂತರೂ ಅವರ ಮೇಲೆ ಹಾರಾಡುತ್ತಿದ್ದೆ. ಮನೆಯಲ್ಲಿ ಹೆಂಡತಿ “ನೀರು ಕಾದಿದೆ”, “ಊಟಕ್ಕೆ ಬನ್ನಿ” ಎಂಬೆರಡು ಮಾತು ಬಿಟ್ಟು ಮೂರನೆಯದನ್ನು ಆಡುತ್ತಿರಲಿಲ್ಲ. ನನ್ನ ಮುಖ ನೋಡಲು ಅವಳಿಗೆ ಇಷ್ಟವಿಲ್ಲ ಎಂದುಕೊಂಡೆ. ಇರಲಿ, ಅದು ಅವಳ ಹಕ್ಕು ಎಂದುಕೊಂಡೆ.

ಹಬ್ಬಕ್ಕೆ ವಾರವಿದೆ ಎನ್ನುವಾಗ ನಮ್ಮಮ್ಮ ಬಂದಳು. ಅವಳಿರುವುದು ಅದೇ ಕೇರಿಯಲ್ಲಿ, ನನ್ನ ತಮ್ಮನ ಮನೆಯಲ್ಲಿ.

“ಹುಡುಗಿಗೆ ಎಂತ ಇಡ್ತಿಯಾ? ಕಡುಬು, ಕಜ್ಜಾಯ ಇಟ್ರೆ ಆಯ್ತಲ್ಲ.”

“ಅವ್ಳು ಕೇಳಿದ್ದು ಬೇರೆ ಇದೆ. ನಾನೇ ಮಾಡ್ತೀನಿ.”

“ಮಾಡು. ಆದ್ರೆ ರುಚಿ ನೋಡ್ತೀನಿ ಅಂತ ಬಾಯಿಗೆ ಇಟ್ಕೊಬೇಡ ಮತ್ತೆ. ಎಡೆ ಅಡ್ಗೆ ಅದು. ಅವ್ಳು ಮುಟ್ಟೋವರೆಗೆ ನಾವು ಎಂಜಲು ಮಾಡೋ ಹಾಗಿಲ್ಲ,” ಅಂದಳು ಅಮ್ಮ.

ಚೀಸು ತರಲು ತೀರ್ಥಹಳ್ಳಿಯಲ್ಲಿ ಬಸ್ಸು ನಿಂತ ಹೊತ್ತಲ್ಲಿ ಅಂಗಡಿಗೆ ಓಡಿದೆ. ಅಂಗಡಿಯವನು ಗುರುತಿನವನೇ. “ಎಂತ ಕಂಡಕ್ಟ್ರೇ, ಮಗಳು ಪಿಜ್ಜಾ ಮಾಡು ಅಂದ್ಲಾ?” ಎಂದು ನಕ್ಕ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. “ಹೌದು ಮಾರಾಯ, ಬಿಡೋದೇ ಇಲ್ಲ,” ಅಂದೆ. ಬಸ್ಸಿಗೆ ಬಂದು ಕೂತ ಮೇಲೂ ಆ ಸುಳ್ಳು ಬಾಯಲ್ಲಿ ಸಿಹಿಯಾಗಿತ್ತು. ಹುಂಚದ ಕಡೆ ಬರುವವರೆಗೂ ಒಬ್ಬರನ್ನೂ ಟಿಕೆಟ್ ಕೇಳಲಿಲ್ಲ.

ಹಬ್ಬದ ದಿನ ಸ್ನಾನ ಮಾಡಿ ಒಲೆ ಹಚ್ಚಿದೆ. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿದುಕೊಟ್ಟಳು. ಕರೆದಿರಲಿಲ್ಲ, ತಾನಾಗಿ ಬಂದು ಕೂತಳು. ಗೂಡಿನಲ್ಲಿದ್ದ ಪ್ಯಾಕೆಟ್ ಒಡೆದೆ. ನೀರು ಮರಳಿಸಿ, ಹಾಳೆ ಅಂಟಬಾರದೆಂದು ಒಂದು ಚಮಚ ಎಣ್ಣೆ ಬಿಟ್ಟು, ಒಂದೊಂದೇ ಹಾಳೆ ಇಳಿಸಿದೆ. ಮೂರು ಮುರಿದವು. ಎರಡು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರಲೇ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಟೊಮೆಟೊ ಬೇಯಿಸಿ, ಕೋಳಿ ಅಂಗಡಿಯವನಿಂದ ಸಣ್ಣಗೆ ಕೊಚ್ಚಿಸಿ ತಂದ ಕೈಮಾ ಹಾಕಿ, ಖಾರದ ಪುಡಿ, ಕಾಳುಮೆಣಸು ಹಾಕಿದೆ. ಬಿಳಿ ಸಾಸು ಮೊದಲ ಸಲ ಗಂಟುಗಂಟಾಯಿತು. “ಥೂ ನಿನ್ನ!” ಎಂದು ಬಾಣಲೆಗೇ ಬೈದು ಚೆಲ್ಲಿದೆ. ಎರಡನೇ ಸಲ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲನ್ನು ಸ್ವಲ್ಪಸ್ವಲ್ಪವೇ ಬಿಟ್ಟೆ. ಕೈ ನಿಲ್ಲಿಸಬೇಡ ಅಪ್ಪ, ತಿರುಗಿಸ್ತಾನೇ ಇರು ಎಂದು ಅವಳು ಹೇಳಿದ್ದು ನೆನಪಿತ್ತು. ತಿರುಗಿಸಿದೆ. ನುಣ್ಣಗೆ ಬಂತು.

ಕುಕ್ಕರಿನ ರಬ್ಬರ್ ತೆಗೆದೆ, ವಿಸಲ್ ತೆಗೆದೆ. ಅಂಗಡಿಯಿಂದ ಹೊಸದಾಗಿ ತಂದ ಉಪ್ಪಿನ ಪ್ಯಾಕೆಟ್ ಕತ್ತರಿಸಿ, ಪೂರ್ತಿ ಒಂದು ಕೆಜಿಯನ್ನೂ ತಳಕ್ಕೆ ಸುರಿದು ಕಾಯಲು ಬಿಟ್ಟೆ. ಸ್ಟೀಲಿನ ಡಬ್ಬಿಯಲ್ಲಿ ಮೊದಲು ಕೆಂಪು, ಆಮೇಲೆ ಹಾಳೆ, ಮತ್ತೆ ಕೆಂಪು, ಬಿಳಿ, ಚೀಸು, ಮತ್ತೆ ಹಾಳೆ. ಒಂದೂ ತಪ್ಪಲಿಲ್ಲ. ಮುರಿದ ಹಾಳೆಗಳನ್ನು ನಡುವೆ ಜೋಡಿಸಿ, ಒಳ್ಳೆಯದನ್ನು ಮೇಲಕ್ಕೆ ಇಟ್ಟೆ. ಡಬ್ಬಿಯನ್ನು ಕಾದ ಉಪ್ಪಿನ ಮೇಲೆ ಕೂರಿಸಿ, ಮುಕ್ಕಾಲು ಗಂಟೆ ಕಾದು ಮುಚ್ಚಳ ತೆಗೆದರೆ, ಮೊಬೈಲಿನಲ್ಲಿ ಕಂಡ ಹಾಗೇ ಚೀಸು ಕರಗಿ, ಅಲ್ಲಲ್ಲಿ ಕೆಂಪಗೆ ಕಲೆ ಬಿದ್ದಿತ್ತು. ಮನೆ ತುಂಬ ಪರಿಮಳ. ನನಗೆ ಖುಷಿಯಾಯಿತು. ನಾಚಿಕೆಗೆಟ್ಟ ಖುಷಿ. ಬಾ, ಬಂದು ನೋಡು ಎಂದು ಮಗಳ ಹೆಸರು ಹಿಡಿದು ಕೂಗಿಬಿಟ್ಟೆ. ಹೊಸ್ತಿಲಲ್ಲಿ ಕೂತಿದ್ದ ಹೆಂಡತಿ ಎದ್ದು ಹಿತ್ತಲಿಗೆ ಹೋದಳು.

ಸಂಜೆ ಅವಳ ಕೋಣೆಯಲ್ಲೇ ಎಡೆ ಇಟ್ಟೆವು. ಫೋಟೋ, ದೀಪ, ಬಾಳೆ ಎಲೆ, ಎಲೆಯ ನಡುವೆ ಚೌಕಾಗಿ ಕತ್ತರಿಸಿದ ಒಂದು ದೊಡ್ಡ ತುಂಡು. ಕೈ ಮುಗಿದು ಬಾಗಿಲು ಮುಚ್ಚಿದೆವು. ಅಮ್ಮ, ತಮ್ಮ ಎಲ್ಲ ಅಪ್ಪನ ಎಡೆಗೆಂದು ತಮ್ಮನ ಮನೆಯಲ್ಲಿದ್ದರು. ಜಗಲಿಯಲ್ಲಿ ನಾನು, ಹೆಂಡತಿ ಇಬ್ಬರೇ ಕೂತೆವು.

ಅವಳಿಗೆ ಹೇಗನ್ನಿಸಬಹುದು ಎಂದು ಯೋಚಿಸುತ್ತ ಕೂತೆ. ನಾನು ರುಚಿ ನೋಡಿರಲಿಲ್ಲ, ಹೋಗಲಿ, ಇದರ ರುಚಿ ಹೇಗಿರಬೇಕೆಂದೇ ಗೊತ್ತಿಲ್ಲ. ಖಾರ ಹೆಚ್ಚಾಯಿತೋ, ಟೊಮೆಟೊ ಹುಳಿಯಾಯಿತೋ ಎಂದು ಒಂದೊಂದನ್ನೇ ಮನಸ್ಸಿನಲ್ಲಿ ಮತ್ತೆ ಮಾಡಿ ನೋಡಿದೆ. ಹಾಳೆ ಬೇಯಿಸಿದ ನೀರಿಗೆ ಎಣ್ಣೆ. ಕೈಮಾಕ್ಕೆ ಖಾರದ ಪುಡಿ, ಕಾಳುಮೆಣಸು. ಬಿಳಿಗೆ ಬೆಣ್ಣೆ, ಮೈದಾ, ಹಾಲು. ಇನ್ನೊಂದು ಸಲ ಮೊದಲಿನಿಂದ ಹೋದೆ. ಎಲ್ಲೂ ಇಲ್ಲ. ಒಂದು ಕೆಜಿ ಉಪ್ಪನ್ನು ನನ್ನ ಕೈಯಾರೆ ಸುರಿದಿದ್ದೆ. ಅದು ಕುಕ್ಕರಿನ ತಳದಲ್ಲಿತ್ತು. ಅದನ್ನು ಸುರಿದಾಗಲೇ ಉಪ್ಪಿನ ಕೆಲಸ ಮುಗಿಯಿತೆಂದು ತಲೆ ತೀರ್ಮಾನ ಮಾಡಿತ್ತು. ಇನ್ನು ಈ ಕೈಗೆ ಗೊತ್ತಿದ್ದ ಅಡುಗೆಯಾದರೂ ಯಾವುದು? ಹದಿನೇಳು ದಿನ ಅವಳಿಗೆ ಮಾಡಿಕೊಟ್ಟದ್ದು ಒಂದೇ.

“ಉಪ್ಪು ಹಾಕಿಲ್ಲ ಕಣೆ,” ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

“ಗೊತ್ತು,” ಅಂದಳು ಹೆಂಡತಿ.

ಮೈಯೆಲ್ಲ ಉರಿದುಹೋಯಿತು. “ಗೊತ್ತಿದ್ದೂ ಸುಮ್ನೆ ಕೂತಿದ್ಯಾ? ಬೆಳಿಗ್ಗೆಯಿಂದ ಎದುರಿಗೇ ಕೂತು ನೋಡ್ತಿದ್ದಿ! ಬಾಯಿ ಸತ್ತೋಗಿತ್ತಾ ನಿಂಗೆ?”

ಪಕ್ಕದ ಮನೆಯವರು ಕಿಟಕಿಗೆ ಬಂದದ್ದು ಕಂಡಿತು. ಹೆಂಡತಿ ಅತ್ತ ನೋಡಲಿಲ್ಲ. ನನ್ನನ್ನು ನೋಡಿದಳು. ಏಳು ತಿಂಗಳಾದ ಮೇಲೆ ಮೊದಲ ಸಲ ನೆಟ್ಟಗೆ ನೋಡಿದಳು.

“ಹ್ಞೂಂ. ಆಗ್ಲೂ ಸತ್ತೋಗಿತ್ತು,” ಅಂದಳು.

ನಾನು ಅವಳ ಕಡೆ ತಿರುಗಿ ಕೂತೆ.

“ಒಂದ್ ಹರಳು ಅಂತ ಕೇಳಿದ್ಲಲ್ಲ, ಆವತ್ತು ನೀವು ಸ್ನಾನಕ್ಕೆ ಹೋದಾಗ ಅಟ್ಟ ಹತ್ತಿ ತಂದೆ. ಸೆರಗಿನ ತುದೀಲಿ ಗಂಟು ಹಾಕ್ಕೊಂಡಿದ್ದೆ. ಐದ್ ದಿನ ಹಂಗೇ ಕಟ್ಕೊಂಡು ಓಡಾಡ್ದೆ. ನೀವು ಅಂಗಡಿಗೆ ಹೋಗಿದ್ರಿ, ಹಾಕ್ಬೋದಿತ್ತು. ಹಿತ್ತಲಿಗೆ ಹೋಗಿದ್ರಿ, ಹಾಕ್ಬೋದಿತ್ತು. ನಿಮಗೆ ಹೆದರಿದ್ದಲ್ಲ. ಔಷಧಿ ತಿರುಗಿ ಹೊಡೆದ್ಬಿಟ್ರೆ ಅಂತ...” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವ್ಳಿಗೆ ಗೊತ್ತಿತ್ತು ರೀ. ಗಂಟು ನೋಡಿದ್ಲು. ಎಂತದಮ್ಮ ಅದು ಅಂದ್ಲು. ಎಂತೂ ಇಲ್ಲ ಪುಟ್ಟಿ ಅಂದೆ.”

ನನ್ನನ್ನು ಕೊಲೆಗಾರನೆಂದು ನೋಡುತ್ತಿದ್ದಾಳೆ ಎಂದುಕೊಂಡಿದ್ದ ಅಷ್ಟೂ ದಿನ ಅವಳು ತನ್ನ ಸೆರಗನ್ನೇ ನೋಡುತ್ತಿದ್ದಳು.

“ಇವತ್ತಾದ್ರೂ ಹೇಳ್ಬೇಕು ಅಂತ ಹೊಸ್ತಿಲಲ್ಲಿ ಕೂತೆ. ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂತ ಕೂತೆ. ಉಪ್ಪು ಅನ್ನೋಕೇ ಬಾಯಿ ಬರ್ಲಿಲ್ಲ.”

ಕತ್ತಲಾಯಿತು. ಎಡೆ ಇಟ್ಟ ಕೋಣೆಯ ಬಾಗಿಲು ತೆಗೆಯುವ ಹೊತ್ತು ಮೀರಿತ್ತು. ಕೆಮ್ಮಿ, ಎದ್ದು ಹೋಗಿ ತೆಗೆಯಬೇಕಾದವನು ನಾನು. ನಾನೂ ಏಳಲಿಲ್ಲ, ಅವಳೂ ಏಳಿ ಎನ್ನಲಿಲ್ಲ. ಒಳಗೆ ನಮ್ಮ ಹುಡುಗಿ, ನಾವು ಕೊಟ್ಟದ್ದನ್ನು, ಏನೂ ಕೇಳದೆ ಸಪ್ಪೆ ಉಣ್ಣುತ್ತಿದ್ದಳು.